ಪ್ರಯೋಗದ ಪ್ರಾಣಿಗಳು ಮತ್ತು ನೈತಿಕ ಸಮಿತಿ: ಅರ್ಜಿಯಲ್ಲಿ ಏನು ಓದಬೇಕು, ಪಂಜರದ ಬಳಿ ಏನು ನೋಡಬೇಕು

(ಸಂಶೋಧನಾ ಸಂಸ್ಥೆಗಳ ಪ್ರಾಣಿ ನೈತಿಕ ಸಮಿತಿಗಳಿಗೆ ಹೊಸದಾಗಿ ಸೇರಿದವರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹಲವರು ಸಮಿತಿಗೆ ಹೊಸಬರು. ಕೆಲವರು ವಿಜ್ಞಾನ ಓದಿದವರೂ ಅಲ್ಲ. ಹಾಗಾಗಿ ಕಾನೂನಿನ ಪಾಠವನ್ನು ಬೇಗ ಮುಗಿಸಿ, ಕೈಗೆ ಬಂದ ಅರ್ಜಿಯನ್ನು ಓದುವುದು ಹೇಗೆ ಅನ್ನುವುದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಪ್ರಾಣಿಯ ನೋವು ಕಡಿಮೆಯಾಗುವುದು ತೀರ ಸಣ್ಣ ಸಂಗತಿಗಳಲ್ಲಿ: ಔಷಧಿ ಕೊಡುವವರು ಯಾರು, ಎಷ್ಟು ಹೊತ್ತಿಗೆ, ಎಷ್ಟು ಮಿಲಿಗ್ರಾಂ, ಏನನ್ನು ಕಂಡರೆ ಪ್ರಯೋಗ ನಿಲ್ಲಿಸಬೇಕು. ಇವಕ್ಕೆ ಉತ್ತರ ಇಲ್ಲದ ಅರ್ಜಿ ಎಷ್ಟೇ ಚೆಂದದ ಭಾಷೆಯಲ್ಲಿದ್ದರೂ ಅದಕ್ಕೆ ಸಹಿ ಹಾಕುವಂತಿಲ್ಲ.

ಮೊದಲು ಕಾನೂನು. ಪ್ರಾಣಿ ಪ್ರಯೋಗವನ್ನು ನಿಯಂತ್ರಿಸುವ ಕಾಯ್ದೆ 1876ರಲ್ಲೇ ಬ್ರಿಟನ್ನಿನಲ್ಲಿ ಬಂತು. ಅದರ ಜಾಗಕ್ಕೆ 1986ರಲ್ಲಿ ಹೊಸ ಕಾಯ್ದೆ ಬಂತು. ಅಮೆರಿಕದಲ್ಲಿ 1966ರ ಕಾಯ್ದೆ ಇತ್ತಾದರೂ ಪ್ರತಿ ಸಂಸ್ಥೆಯೂ ಸಮಿತಿ ಇಟ್ಟುಕೊಳ್ಳಲೇಬೇಕು ಎಂದು ಕಾನೂನಿನಲ್ಲೇ ಬರೆದದ್ದು 1985ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನ ಪ್ರಯೋಗಾಲಯವೊಂದರಲ್ಲಿ ಕೋತಿಗಳನ್ನು ಇಟ್ಟಿದ್ದ ಸ್ಥಿತಿ ಹೊರಬಿದ್ದು ದೊಡ್ಡ ಗದ್ದಲವಾಗಿತ್ತು. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸಮಿತಿ, 1998ರ ನಿಯಮಗಳ ಅಡಿಯಲ್ಲಿ ಸಂಸ್ಥೆಯ ಮಟ್ಟದ ನೈತಿಕ ಸಮಿತಿ ಇವೆ. ಇಲಿ, ಮೊಲದಂಥ ಸಣ್ಣ ಪ್ರಾಣಿಗಳ ಅರ್ಜಿಯನ್ನು ಸಂಸ್ಥೆಯ ಸಮಿತಿಯೇ ತೀರ್ಮಾನಿಸುತ್ತದೆ. ನಾಯಿ, ಕೋತಿಯಂಥ ದೊಡ್ಡ ಪ್ರಾಣಿಗಳಾದರೆ ಅರ್ಜಿ ಕೇಂದ್ರ ಸಮಿತಿಗೆ ಹೋಗಬೇಕು. ಐರೋಪ್ಯ ಒಕ್ಕೂಟದ 2010ರ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೆನ್ನುಮೂಳೆ ಇಲ್ಲದ ಆಕ್ಟೋಪಸ್, ಸ್ಕ್ವಿಡ್‌ಗಳನ್ನೂ ರಕ್ಷಣೆಯೊಳಗೆ ತಂದಿದೆ. ಇದಕ್ಕೆ ತಿರುಗುಮುರುಗಾಗಿ, ಸಂಶೋಧನೆಗೆಂದೇ ಸಾಕಿದ ಇಲಿ, ಹೆಗ್ಗಣದ ಜಾತಿಯ ರ‍್ಯಾಟ್ ಮತ್ತು ಹಕ್ಕಿಗಳನ್ನು ಅಮೆರಿಕದ ಆ ಕಾಯ್ದೆ ‘ಪ್ರಾಣಿ’ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸರ್ಕಾರಿ ಆರೋಗ್ಯ ಅನುದಾನ ಪಡೆಯುವ ಸಂಸ್ಥೆಗಳಿಗೆ ಬೇರೊಂದು ನೀತಿ ಇರುವುದರಿಂದ ಆ ಕೊರತೆ ಅಲ್ಲಿ ಬಹುಪಾಲು ತುಂಬುತ್ತದೆ. ದೇಶದಿಂದ ದೇಶಕ್ಕೆ ಫಾರಂ ಬದಲಾಗುತ್ತದೆ, ಪಂಜರದೊಳಗಿನ ಪ್ರಾಣಿಗೆ ಬೇಕಾದ್ದು ಬದಲಾಗುವುದಿಲ್ಲ. ಇನ್ನು ಮುಂದೆ ನಾನು ಬರಿದೆ ‘ಇಲಿ’ ಅಂದರೆ 25 ಗ್ರಾಂ ತೂಗುವ ಮೌಸ್ ಎಂದು ತಿಳಿಯಿರಿ. ಲೋಕದ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಸ್ತನಿ ಅದೇ.

ಯಾರು ಕೂರಬೇಕು

ಅಮೆರಿಕದ ಅನುದಾನ ನೀತಿಯಂತೆ ಸಮಿತಿಗೆ ಕನಿಷ್ಠ 5 ಜನ ಬೇಕು. ಅವರಲ್ಲಿ ಪಶುವೈದ್ಯರೊಬ್ಬರು, ಪ್ರಾಣಿ ಸಂಶೋಧನೆಯ ಅನುಭವವಿರುವ ವಿಜ್ಞಾನಿ, ವಿಜ್ಞಾನದ ಹೊರಗಿನವರೊಬ್ಬರು, ಸಂಸ್ಥೆಯೊಡನೆ ಯಾವ ನಂಟೂ ಇಲ್ಲದವರೊಬ್ಬರು ಇರಲೇಬೇಕು. ಭಾರತದ ಸಮಿತಿಯಲ್ಲಿ ಸಂಸ್ಥೆಯೊಳಗಿನ ವಿಜ್ಞಾನಿಗಳು, ಪಶುವೈದ್ಯರು, ಪ್ರಾಣಿಗೃಹದ ಹೊಣೆ ಹೊತ್ತವರ ಜೊತೆಗೆ ಹೊರ ಸಂಸ್ಥೆಯ ವಿಜ್ಞಾನಿ, ವಿಜ್ಞಾನದ ಹೊರಗಿನ ಸಾಮಾಜಿಕ ಕಾಳಜಿಯ ಸದಸ್ಯರು ಮತ್ತು ಕೇಂದ್ರ ಸಮಿತಿಯ ಪ್ರತಿನಿಧಿ ಇರುತ್ತಾರೆ.

ಇವರಲ್ಲಿ ಇಬ್ಬರ ಬಗ್ಗೆ ಎರಡು ಮಾತು. ಒಬ್ಬರು ಪಶುವೈದ್ಯರು. ಸಂಶೋಧಕರ ಅನುಮತಿಗೆ ಕಾಯದೆ ಪ್ರಾಣಿಗೆ ಚಿಕಿತ್ಸೆ ಕೊಡುವ, ಪರಿಸ್ಥಿತಿ ಕೈಮೀರಿದರೆ ದಯಾಮರಣ ಕೊಡುವ ಅಧಿಕಾರ ಅವರಿಗೆ ಲಿಖಿತವಾಗಿ ಇರಬೇಕು. ಅದು ಇಲ್ಲದ ಕಡೆ ರಾತ್ರಿ ಹತ್ತು ಗಂಟೆಗೆ ಸಂಶೋಧಕರ ಫೋನು ಹತ್ತದೆ, ಇಲಿ ಬೆಳಗಿನ ತನಕ ನರಳುತ್ತದೆ. ಇನ್ನೊಬ್ಬರು ವಿಜ್ಞಾನೇತರ ಸದಸ್ಯರು. ಇವರು ಸುಮ್ಮನೆ ಕೂತು ಎದ್ದುಹೋಗುವ ಸಮಿತಿಗಳೇ ಹೆಚ್ಚು, ತಪ್ಪು ಅವರದಲ್ಲ. ಅರ್ಜಿಯ ಮೊದಲ ಪುಟದಲ್ಲಿ ಸಾಮಾನ್ಯರಿಗೆ ತಿಳಿಯುವ ಹಾಗೆ ಒಂದು ಸಾರಾಂಶ ಬರೆಯಿಸಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಈ ಪ್ರಾಣಿಗೆ ಏನೇನಾಗುತ್ತದೆ ಅನ್ನುವುದು ಅದರಲ್ಲಿ ಇರಬೇಕು. ಅದನ್ನು ಬರೆಯಲು ಬಾರದ ಸಂಶೋಧಕರಿಗೆ ಹೆಚ್ಚಾಗಿ ತಮ್ಮ ಪ್ರಯೋಗದ ಹೆಜ್ಜೆಗಳೇ ಇನ್ನೂ ಗಟ್ಟಿಯಾಗಿರುವುದಿಲ್ಲ.

ಸದಸ್ಯರದೇ ಅರ್ಜಿ ಬಂದರೆ ಅವರು ವಿವರಣೆ ಕೊಟ್ಟು ಹೊರಗೆ ಹೋಗಬೇಕು. ಮತ ಹಾಕುವಂತಿಲ್ಲ, ಕೋರಂ ಲೆಕ್ಕಕ್ಕೂ ಸೇರುವಂತಿಲ್ಲ. ನಡಾವಳಿಯಲ್ಲಿ ‘ಹೊರಗಿದ್ದರು’ ಎಂದು ಬರೆದಿರಬೇಕು.

ಎಷ್ಟು ಪ್ರಾಣಿ?

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಮೂರು ಸೂತ್ರ ಕೊಟ್ಟರು: ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೆ ಮಾಡು, ಆಗದಿದ್ದರೆ ಕಡಿಮೆ ಪ್ರಾಣಿ ಬಳಸು, ಬಳಸುವ ಪ್ರಾಣಿಗೆ ನೋವು ಕಡಿಮೆ ಮಾಡು. ಇಂದಿಗೂ ಎಲ್ಲ ಅರ್ಜಿಗಳ ಬೆನ್ನೆಲುಬು ಇದೇ. ಮೂರರಲ್ಲಿ ಸಮಿತಿಗಳು ಅತಿ ಹಗುರವಾಗಿ ದಾಟಿಬಿಡುವುದು ಎರಡನೆಯದನ್ನು. ‘ಗುಂಪಿಗೆ 6’ ಎಂದು ಬರೆದಿರುತ್ತದೆ. ಯಾಕೆ ಆರು ಎಂದರೆ ಹಿಂದಿನ ಪ್ರಬಂಧದಲ್ಲೂ ಆರೇ ಇತ್ತು ಅನ್ನುತ್ತಾರೆ.

ಸಂಖ್ಯಾಶಾಸ್ತ್ರ ಗೊತ್ತಿಲ್ಲದವರೂ ಸಭೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. ಎರಡು ಗುಂಪು, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಇಲ್ಲ. ಅಳತೆಯಲ್ಲಿ ಎಷ್ಟು ವ್ಯತ್ಯಾಸ ಕಂಡರೆ ಅದಕ್ಕೆ ಅರ್ಥವಿದೆ ಎಂದು ಕೇಳಿ. ಶೇ. 25 ಅಂದರು ಅನ್ನೋಣ. ಆ ಅಳತೆ ಪ್ರಾಣಿಯಿಂದ ಪ್ರಾಣಿಗೆ ಸಹಜವಾಗಿ ಎಷ್ಟು ಏರುಪೇರಾಗುತ್ತದೆ, ಅಂದರೆ ಅದರ ಪ್ರಮಾಣ ವಿಚಲನೆ ಎಷ್ಟು ಎಂದು ಕೇಳಿ. ಶೇ. 20 ಅಂದರು. ಏರುಪೇರನ್ನು ವ್ಯತ್ಯಾಸದಿಂದ ಭಾಗಿಸಿ, ವರ್ಗ ಮಾಡಿ, 16ರಿಂದ ಗುಣಿಸಿ. 0.8ರ ವರ್ಗ 0.64, ಅದರ ಹದಿನಾರು ಪಟ್ಟು 10.24. ಗುಂಪಿಗೆ ಸುಮಾರು 11 ಇಲಿ ಬೇಕು. ವ್ಯತ್ಯಾಸ ನಿಜವಾಗಿಯೂ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ ಶೇ. 80, ಇಲ್ಲದ್ದನ್ನು ಇದೆ ಅನ್ನುವ ಅಪಾಯ ಶೇ. 5 ಎಂಬ ರೂಢಿಯ ಮಟ್ಟಕ್ಕೆ ಈ 16 ಹೊಂದುತ್ತದೆ.

ಇಲ್ಲಿಂದಲೇ ಎರಡು ದಾರಿ ಕಾಣುತ್ತವೆ. ಶೇ. 12.5ರಷ್ಟು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತೇನೆ ಎಂದು ಸಂಶೋಧಕರು ಹೊರಟರೆ ಗುಂಪಿಗೆ 41 ಇಲಿ ಬೇಕು. ಬದಲಿಗೆ ಒಂದೇ ವಯಸ್ಸಿನ ಇಲಿಗಳು, ಅಳೆಯುವ ವ್ಯಕ್ತಿ ಒಬ್ಬರೇ, ಅಳೆಯುವ ಹೊತ್ತು ಒಂದೇ ಎಂಬ ಶಿಸ್ತಿನಿಂದ ಏರುಪೇರನ್ನು ಶೇ. 10ಕ್ಕೆ ಇಳಿಸಿದರೆ ನಾಲ್ಕು ಸಾಕಾಗುತ್ತದೆ (ಗುಂಪು ತೀರ ಸಣ್ಣದಾದಾಗ ಈ ಸೂತ್ರ ತುಸು ಕಡಿಮೆ ತೋರಿಸುತ್ತದೆ, ಅದಕ್ಕೆ 2.56ನ್ನು ನಾಲ್ಕಕ್ಕೆ ಏರಿಸಿದ್ದೇನೆ). ಪ್ರಾಣಿ ಉಳಿಸುವ ಅತ್ಯಂತ ಅಗ್ಗದ ಉಪಾಯ ಇದು. ಆದರೂ ಅರ್ಜಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ಅತಿ ಕಡಿಮೆ ಪ್ರಾಣಿ ಕೇಳಿದ ಅರ್ಜಿಯನ್ನು ಮೆಚ್ಚಿಕೊಳ್ಳಬೇಡಿ. ಹನ್ನೊಂದು ಬೇಕಾದಲ್ಲಿ ಐದು ಬಳಸಿದರೆ ಉತ್ತರ ಸಿಗುವುದಿಲ್ಲ, ಆ ಹತ್ತೂ ಇಲಿಗಳ ನೋವು ವ್ಯರ್ಥ, ಪ್ರಯೋಗ ಮತ್ತೊಮ್ಮೆ ಮಾಡಬೇಕು.

ಇನ್ನೊಂದು ಗುಪ್ತ ತಪ್ಪು ಪಂಜರದ್ದು. ಆಹಾರದಲ್ಲಿ ಔಷಧಿ ಬೆರೆಸಿ ಕೊಡುವ ಪ್ರಯೋಗದಲ್ಲಿ ಒಂದು ಪಂಜರದ ಐದೂ ಇಲಿಗಳಿಗೆ ಒಂದೇ ಆಹಾರ. ನಾಲ್ಕು ಪಂಜರದಲ್ಲಿ 20 ಇಲಿ ಇದ್ದರೂ ಲೆಕ್ಕಕ್ಕೆ ಸಿಗುವುದು 4 ಘಟಕ. ಇದನ್ನು 20 ಎಂದು ಬರೆದ ಅರ್ಜಿಯನ್ನು ಹಿಂದಕ್ಕೆ ಕಳುಹಿಸಿ.

ವಂಶವಾಹಿ ಬದಲಿಸಿದ ಇಲಿಗಳಲ್ಲಂತೂ ನಿಜವಾದ ಸಂಖ್ಯೆ ಅರ್ಜಿಯ ಹೊರಗೇ ಇರುತ್ತದೆ. ಪ್ರಯೋಗಕ್ಕೆ ಬೇಕಾದ್ದು ಬದಲಾದ ಜೀನಿನ ಎರಡು ಪ್ರತಿ ಹೊತ್ತ 12 ಹೆಣ್ಣಿಲಿ ಎಂದುಕೊಳ್ಳಿ. ತಂದೆ, ತಾಯಿ ಇಬ್ಬರಲ್ಲೂ ಒಂದೊಂದೇ ಪ್ರತಿ ಇದ್ದರೆ ಮರಿಗಳಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಬೇಕಾದದ್ದು, ಅದರಲ್ಲೂ ಅರ್ಧ ಗಂಡು. ಅಂದರೆ ಸರಾಸರಿ 96 ಮರಿ ಹುಟ್ಟಬೇಕು. ಎರಡು ಪ್ರತಿ ಇದ್ದೂ ಆರೋಗ್ಯವಾಗಿ ಮರಿ ಹಾಕುವ ತಳಿಯಾದರೆ ಅಂಥ ಒಂದು ಇಲಿಯನ್ನು ಒಂದು ಪ್ರತಿಯ ಇಲಿಯೊಡನೆ ಕೂಡಿಸಿದರೆ 48 ಸಾಕು. ಎರಡು ಬೇರೆ ಬೇರೆ ಜೀನುಗಳಲ್ಲೂ ಎರಡೆರಡು ಪ್ರತಿ ಬೇಕು ಎಂದರೆ ಹದಿನಾರರಲ್ಲಿ ಒಂದು, 384 ಮರಿ. ಅರ್ಜಿಯಲ್ಲಿ 12 ಎಂದಷ್ಟೇ ಇರುತ್ತದೆ, ಉಳಿದವು ಹುಟ್ಟಿ ಸಾಯುತ್ತವೆ. ಹೆಚ್ಚುವರಿ ಮರಿಗಳನ್ನು ಏನು ಮಾಡುತ್ತೀರಿ, ಗಂಡಿಲಿಗಳನ್ನು ಯಾಕೆ ಬಳಸುತ್ತಿಲ್ಲ, ಬಳಸದ ತಳಿಯನ್ನು ಭ್ರೂಣವಾಗಿ ಹೆಪ್ಪುಗಟ್ಟಿಸಿ ಇಡಬಹುದಲ್ಲ ಎಂಬ ಮೂರು ಪ್ರಶ್ನೆ ಕೇಳದೆ ತಳಿ ಸಾಕಣೆಗೆ ಒಪ್ಪಿಗೆ ಕೊಡಬೇಡಿ.

ನೋವಿನ ಗಡಿಯಾರ

ಹೊಟ್ಟೆಯ ಶಸ್ತ್ರಕ್ರಿಯೆ ಇರುವ ಅರ್ಜಿಯನ್ನು ಹತ್ತಿರದಿಂದ ನೋಡೋಣ. ‘ಶಸ್ತ್ರಕ್ರಿಯೆಯ ನಂತರ ಬ್ಯುಪ್ರಿನಾರ್ಫಿನ್ ಪ್ರತಿ ಕಿಲೋಗೆ 0.1 ಮಿಲಿಗ್ರಾಂ, ದಿನಕ್ಕೆ ಎರಡು ಸಲ’ ಎಂದಿದೆ. ಡೋಸ್ ಸರಿಯಾಗಿದೆ, ಸಹಿ ಹಾಕೋಣ ಅನ್ನಿಸುತ್ತದೆ. ನಿಲ್ಲಿ.

ಬ್ಯುಪ್ರಿನಾರ್ಫಿನ್ ಒಂದು ನೋವುನಿವಾರಕ. ಅದರ ಸಾಮಾನ್ಯ ರೂಪ ಇಲಿಯಲ್ಲಿ ಕೆಲಸ ಮಾಡುವುದು ನಾಲ್ಕರಿಂದ ಎಂಟು ಗಂಟೆ. ‘ದಿನಕ್ಕೆ ಎರಡು ಸಲ’ ಎಂದರೆ ಪ್ರಯೋಗಾಲಯದ ರೂಢಿಯಲ್ಲಿ ಬೆಳಿಗ್ಗೆ ಒಂಬತ್ತು ಮತ್ತು ಸಂಜೆ ಐದು. ಸಂಜೆ ಕೊಟ್ಟದ್ದು ತಡವೆಂದರೂ ರಾತ್ರಿ ಒಂದಕ್ಕೆ ತೀರುತ್ತದೆ. ಮರುದಿನ ಒಂಬತ್ತರವರೆಗೆ ಎಂಟು ಗಂಟೆ ಆ ಇಲಿಗೆ ಹೊಟ್ಟೆ ಹೊಲಿದ ನೋವೇ ಗತಿ. ಇಲಿ ನಿಶಾಚರಿ, ಓಡಾಡಿ ತಿನ್ನುವ ಹೊತ್ತೇ ಅದು. ನೋವಿರುವ ಇಲಿ ಆಗ ತಿನ್ನುವುದಿಲ್ಲ, ನೀರು ಕುಡಿಯುವುದಿಲ್ಲ. ಬೆಳಿಗ್ಗೆ ತೂಕ ಇಳಿದದ್ದನ್ನು ‘ಶಸ್ತ್ರಕ್ರಿಯೆಯ ಪರಿಣಾಮ’ ಎಂದು ಬರೆದುಕೊಳ್ಳುತ್ತಾರೆ.

ಪರಿಹಾರ ಕಷ್ಟದ್ದಲ್ಲ. ಶಸ್ತ್ರಕ್ರಿಯೆಯನ್ನು ಬೆಳಿಗ್ಗೆ ಮುಗಿಸಬೇಕು. ಮೊದಲ ಡೋಸನ್ನು ಕೊಯ್ಯುವ ಮುನ್ನವೇ ಕೊಡಬೇಕು, ಏಕೆಂದರೆ ನೋವಿನ ಸಂಕೇತ ಒಮ್ಮೆ ನರವ್ಯೂಹವನ್ನು ಕೆರಳಿಸಿದ ಮೇಲೆ ಅಡಗಿಸುವುದು ಕಷ್ಟ. ಜೊತೆಗೆ ಹೆಚ್ಚು ಹೊತ್ತು ನಿಲ್ಲುವ ಮೆಲಾಕ್ಸಿಕಾಂನಂಥ ಉರಿಯೂತ ನಿವಾರಕವನ್ನು ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಸೇರಿಸಬಹುದು, ಗಾಯದ ಅಂಚಿಗೆ ಸ್ಥಳೀಯ ಅರಿವಳಿಕೆ ಹಾಕಬಹುದು. ಎರಡು ಮೂರು ದಿನ ನಿಧಾನವಾಗಿ ಬಿಡುಗಡೆಯಾಗುವ ಬ್ಯುಪ್ರಿನಾರ್ಫಿನ್ ಕೂಡ ಉಂಟು. ಮತ್ತು ಶುಕ್ರವಾರ ಮಧ್ಯಾಹ್ನ ಶಸ್ತ್ರಕ್ರಿಯೆ ಬೇಡ. ಶನಿವಾರ, ಭಾನುವಾರ ಡೋಸ್ ಕೊಡುವವರ ಹೆಸರು ಬರೆದುಕೊಡಿ ಎಂದು ಕೇಳಿದಾಗ ಶುಕ್ರವಾರದ ಪಟ್ಟಿ ತಾನಾಗಿ ಸೋಮವಾರಕ್ಕೆ ಹೋಗುತ್ತದೆ.

ಡೋಸ್ ಕಾಗದದ ಮೇಲೆ ಸರಿ ಇದ್ದರೂ ಸಿರಿಂಜಿನಲ್ಲಿ ತಪ್ಪಬಹುದು. 25 ಗ್ರಾಂ ಇಲಿಗೆ ಕಿಲೋಗೆ 0.1 ಮಿಲಿಗ್ರಾಂ ಎಂದರೆ 0.0025 ಮಿಲಿಗ್ರಾಂ. ಸೀಸೆಯಲ್ಲಿರುವುದು ಮಿಲಿಲೀಟರಿಗೆ 0.3 ಮಿಲಿಗ್ರಾಂ. ಹಾಗೇ ಎಳೆದರೆ 0.008 ಮಿಲಿಲೀಟರ್ ಬೇಕು. 1 ಮಿಲಿಲೀಟರ್ ಸಿರಿಂಜಿನಲ್ಲಿ ಅದನ್ನು ಅಳೆಯಲಾಗದು, ಸೂಜಿಯ ಬುಡದಲ್ಲಿ ಉಳಿಯುವುದೇ ಅದಕ್ಕಿಂತ ಹೆಚ್ಚು. ಒಂದು ಭಾಗ ಔಷಧಿಗೆ 29 ಭಾಗ ನಂಜಿಲ್ಲದ ಸಲೈನ್ ಬೆರೆಸಿದರೆ ಮಿಲಿಲೀಟರಿಗೆ 0.01 ಮಿಲಿಗ್ರಾಂ ಆಗುತ್ತದೆ, ಇಲಿಯೊಂದಕ್ಕೆ 0.25 ಮಿಲಿಲೀಟರ್ ಚರ್ಮದಡಿ. ಇದು ಸಲೀಸು. ಅರ್ಜಿಯಲ್ಲಿ ‘ಕಿಲೋಗೆ ಎಷ್ಟು’ ಎಂಬುದರ ಜೊತೆ ‘ಇಲಿಗೆ ಎಷ್ಟು ಮಿಲಿಲೀಟರ್, ಯಾವ ದ್ರಾವಣದಲ್ಲಿ’ ಎಂದೂ ಬರೆಯಿಸಿ. ಬೆರೆಸಿದ ಸೀಸೆಯ ಮೇಲೆ ಹೆಸರು, ಪ್ರಮಾಣ, ಬೆರೆಸಿದ ದಿನ, ಬಿಸಾಡುವ ದಿನ ಇರಲಿ.

ನೋವುನಿವಾರಕ ಕೊಟ್ಟರೆ ಫಲಿತಾಂಶ ಕೆಡುತ್ತದೆ ಎಂಬ ವಾದ ಬರುತ್ತದೆ. ಕೆಲವೊಮ್ಮೆ ನಿಜ. ಉರಿಯೂತವನ್ನೇ ಅಧ್ಯಯನ ಮಾಡುವವರು ಉರಿಯೂತ ನಿವಾರಕ ಕೊಡಲಾರರು. ಆದರೆ ನೋವು ಕೂಡ ಒತ್ತಡದ ಹಾರ್ಮೋನುಗಳನ್ನು ಏರಿಸಿ ರೋಗನಿರೋಧಕ ವ್ಯವಸ್ಥೆಯನ್ನು ಅಲ್ಲಾಡಿಸುತ್ತದೆ. ಅದೂ ಫಲಿತಾಂಶ ಕೆಡಿಸುವುದೇ. ಯಾವ ಔಷಧಿ, ಯಾವ ಅಳತೆಯನ್ನು, ಎಷ್ಟರಮಟ್ಟಿಗೆ ಬದಲಿಸುತ್ತದೆ ಎಂಬ ಆಧಾರ ತೋರಿಸಲಿ. ಒಂದು ವರ್ಗದ ಔಷಧಿ ಹೊಂದದಿದ್ದರೆ ಇನ್ನೊಂದು ವರ್ಗದ್ದು ಇದೆ.

ಅರಿವಳಿಕೆಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಇಲಿಯ ದೇಹ ಚಿಕ್ಕದು, ಅರಿವಳಿಕೆಯಲ್ಲಿ ಕೆಲವೇ ನಿಮಿಷಕ್ಕೆ ತಣ್ಣಗಾಗುತ್ತದೆ. ಶಸ್ತ್ರಕ್ರಿಯೆ ಚೆನ್ನಾಗಿ ಆಗಿಯೂ ಇಲಿ ಎಚ್ಚರವಾಗದಿರಲು ಬಹಳ ಸಲ ಇದೇ ಕಾರಣ. ಬಿಸಿ ಪ್ಯಾಡ್, ಒಣಗದಂತೆ ಕಣ್ಣಿಗೆ ಮುಲಾಮು, ಹಿಂಗಾಲಿನ ಬೆರಳು ಚಿವುಟಿ ಆಳ ಪರೀಕ್ಷಿಸುವುದು, ಪೂರ್ತಿ ಎಚ್ಚರವಾಗುವ ತನಕ ಒಬ್ಬರು ಪಕ್ಕದಲ್ಲಿರುವುದು: ಈ ನಾಲ್ಕೂ ಅರ್ಜಿಯಲ್ಲಿವೆಯೇ ನೋಡಿ.

ಎಲ್ಲಿ ನಿಲ್ಲಿಸಬೇಕು

ಪ್ರಾಣಿ ತಾನಾಗಿ ಸಾಯುವ ಮೊದಲೇ ಯಾವ ಲಕ್ಷಣ ಕಂಡರೆ ಅದನ್ನು ಪ್ರಯೋಗದಿಂದ ಹೊರತೆಗೆಯಬೇಕು, ಇಲ್ಲವೇ ದಯಾಮರಣ ಕೊಡಬೇಕು ಎಂಬುದೇ ಮಾನವೀಯ ಅಂತ್ಯಬಿಂದು. ‘ಪ್ರಾಣಿ ತೀವ್ರ ಸಂಕಟದಲ್ಲಿದ್ದರೆ’ ಎಂದು ಬರೆದದ್ದು ಅಂತ್ಯಬಿಂದು ಆಗುವುದಿಲ್ಲ. ಬೆಳಿಗ್ಗೆ ಪಂಜರ ನೋಡುವ ಆರೈಕೆದಾರರಿಗೆ ಅದರಿಂದ ಏನೂ ತಿಳಿಯದು. ಅಳೆಯುವಂಥದ್ದು ಬೇಕು.

ಶೇ. 20ರಷ್ಟು ತೂಕ ಇಳಿದರೆ ನಿಲ್ಲಿಸುವುದು ಎಲ್ಲೆಡೆ ಕಾಣುವ ಗೆರೆ. ಆದರೆ ಗಡ್ಡೆಯ ಪ್ರಯೋಗಗಳಲ್ಲಿ ಇದು ಮೋಸ ಮಾಡುತ್ತದೆ. 25 ಗ್ರಾಂ ಇಲಿ ತನ್ನ ಮೈಯ 5 ಗ್ರಾಂ ಕಳೆದುಕೊಂಡಿದೆ, ಅಂದರೆ ಶೇ. 20 ಮುಟ್ಟಿದೆ. ಅಷ್ಟರಲ್ಲಿ ಗಡ್ಡೆ 2 ಗ್ರಾಂ ಬೆಳೆದಿದೆ. ತಕ್ಕಡಿ 22 ಗ್ರಾಂ ತೋರಿಸುತ್ತದೆ, ಇಳಿಕೆ ಶೇ. 12. ಕಾಗದದ ಮೇಲೆ ಇಲಿ ಇನ್ನೂ ‘ಸರಿಯಾಗಿದೆ’. ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆಗಳಲ್ಲಿ ತೂಕ ಏರುವುದೂ ಉಂಟು. ಅದಕ್ಕೇ ತಕ್ಕಡಿಯ ಜೊತೆ ಬೆರಳೂ ಬೇಕು. ಬೆನ್ನುಮೂಳೆ ಮತ್ತು ಸೊಂಟದ ಮೂಳೆಯ ಮೇಲೆ ಬೆರಳಾಡಿಸಿ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆ. 3 ಆರೋಗ್ಯ, 2 ಎಂದರೆ ಮೂಳೆ ಎದ್ದು ಕಾಣತೊಡಗಿದೆ, 1 ಎಂದರೆ ಬರೀ ಮೂಳೆ. ಎಳೆಯ ಇಲಿಗಳಲ್ಲಿ ಇನ್ನೊಂದು ಎಡವಟ್ಟು: ಆರು ವಾರದ ಇಲಿ ತೂಕ ಇಳಿಯದೆ ಇದ್ದಲ್ಲೇ ನಿಂತರೂ ಅದು ಸೊರಗುತ್ತಿದೆ ಎಂದೇ ಅರ್ಥ. ಹೋಲಿಸಬೇಕಾದ್ದು ಮೊದಲ ದಿನದ ತೂಕಕ್ಕಲ್ಲ, ಅದೇ ವಯಸ್ಸಿನ ಆರೋಗ್ಯವಂತ ಇಲಿಗಳ ತೂಕಕ್ಕೆ.

ಗಡ್ಡೆಗೆ ಬಹಳ ಸಂಸ್ಥೆಗಳು ಇಟ್ಟುಕೊಂಡಿರುವ ಮಿತಿ ಉದ್ದ 20 ಮಿಲಿಮೀಟರ್ ಅಥವಾ ಗಾತ್ರ 2000 ಘನ ಮಿಲಿಮೀಟರ್. ಗಾತ್ರಕ್ಕೆ ಉದ್ದವನ್ನು ಅಗಲದ ವರ್ಗದಿಂದ ಗುಣಿಸಿ ಅರ್ಧ ಮಾಡುತ್ತಾರೆ. 20 ಉದ್ದ, 14 ಅಗಲ ಎಂದರೆ 1960. ಗಡ್ಡೆ ಒಡೆದು ಹುಣ್ಣಾದರೆ, ಕಾಲಾಡಿಸಲು, ತಿನ್ನಲು ಅಡ್ಡಿಯಾದರೆ ಗಾತ್ರ ಎಷ್ಟೇ ಚಿಕ್ಕದಿರಲಿ ನಿಲ್ಲಿಸಬೇಕು. ವಾರಕ್ಕೊಮ್ಮೆ ಅಳೆಯುತ್ತೇವೆ ಎಂದರೆ ಒಪ್ಪಬೇಡಿ. ವೇಗವಾಗಿ ಬೆಳೆಯುವ ಗಡ್ಡೆ ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಮಿತಿ ದಾಟಿಹೋಗುತ್ತದೆ. ಮಿತಿಯ ಅರ್ಧ ಮುಟ್ಟಿದೊಡನೆ ದಿನ ಬಿಟ್ಟು ದಿನ, ಮುಕ್ಕಾಲು ಮುಟ್ಟಿದರೆ ದಿನವೂ ಎಂದು ಬರೆಯಿಸಿ.

ಇಲಿ ಬೇಟೆಗೆ ಸಿಗುವ ಪ್ರಾಣಿ, ನೋವನ್ನು ಬಚ್ಚಿಡುತ್ತದೆ. ಮನುಷ್ಯರು ಬಾಗಿಲು ತೆರೆದೊಡನೆ ಚುರುಕಾದಂತೆ ಓಡಾಡುತ್ತದೆ. 2010ರಲ್ಲಿ ಪ್ರಕಟವಾದ ಮುಖಲಕ್ಷಣಗಳ ಅಳತೆಗೋಲು ಇಲ್ಲಿ ನೆರವಿಗೆ ಬರುತ್ತದೆ. ಕಣ್ಣು ಕಿರಿದಾಗುವುದು, ಮೂಗು ಮತ್ತು ಕೆನ್ನೆ ಉಬ್ಬುವುದು, ಕಿವಿ ಹಿಂದಕ್ಕೆ ಸರಿಯುವುದು, ಮೀಸೆ ಬಿಗಿಯುವುದು: ಐದು ಲಕ್ಷಣ, ಒಂದೊಂದಕ್ಕೆ 0, 1, 2 ಅಂಕ. ಪಂಜರ ಮುಟ್ಟದೆ ಒಂದೆರಡು ನಿಮಿಷ ದೂರ ನಿಂತು ನೋಡಿ, ಆಮೇಲೆ ಕೈಹಾಕಬೇಕು. ಅಂದಹಾಗೆ, ಈ ಲಕ್ಷಣಗಳನ್ನು ಸಂಶೋಧಕರಿಗಿಂತ ದಿನವೂ ಪಂಜರ ತೊಳೆಯುವ ಸಿಬ್ಬಂದಿ ಬೇಗ ಗುರುತಿಸುತ್ತಾರೆ. ಅವರ ಮಾತಿಗೆ ಸಮಿತಿಯಲ್ಲಿ ದಾರಿ ಇದೆಯೇ ಎಂಬುದನ್ನು ನೋಡಿಕೊಳ್ಳಿ.

ಕೊನೆಯ ಹಂತ ದಯಾಮರಣ. ಇಂಗಾಲದ ಡೈಆಕ್ಸೈಡ್ ಬಳಸುವುದಾದರೆ ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇ. 30ರಿಂದ 70ರಷ್ಟು ಅನಿಲ ಬಿಡಬೇಕು ಎಂದು ಅಮೆರಿಕದ ಪಶುವೈದ್ಯ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. 9 ಲೀಟರ್ ಪೆಟ್ಟಿಗೆಗೆ ನಿಮಿಷಕ್ಕೆ 2.7ರಿಂದ 6.3 ಲೀಟರ್. ಹರಿವಿನ ಮೀಟರ್ ಇಲ್ಲದೆ ಸಿಲಿಂಡರಿನ ತಿರುಪು ತಿರುಗಿಸಿ ಅಂದಾಜಿನಲ್ಲಿ ಬಿಡುವುದು ತಪ್ಪು. ಮೊದಲೇ ಅನಿಲ ತುಂಬಿದ ಪೆಟ್ಟಿಗೆಗೆ ಪ್ರಾಣಿ ಹಾಕುವುದು ಇನ್ನೂ ದೊಡ್ಡ ತಪ್ಪು. ಮೂಗಿನ ತೇವದಲ್ಲಿ ಅನಿಲ ಕರಗಿ ಆಮ್ಲವಾಗಿ, ಪ್ರಜ್ಞೆ ಇರುವಾಗಲೇ ಉರಿಯುತ್ತದೆ. ಹಸಿ ಮರಿಗಳು ಆಮ್ಲಜನಕದ ಕೊರತೆಯನ್ನು ಬಹಳ ಹೊತ್ತು ತಡೆದುಕೊಳ್ಳುತ್ತವೆ, ಅವಕ್ಕೆ ಈ ಅನಿಲವೊಂದೇ ಸಾಲದು. ಸತ್ತಿತು ಎಂದು ತಿಳಿದು ಫ್ರೀಜರಿಗೆ ಹಾಕಿದ ಇಲಿ ಅಲ್ಲಿ ಉಸಿರಾಡಿದ ಘಟನೆಗಳು ತಪಾಸಣಾ ವರದಿಗಳಲ್ಲಿ ಹೊಸತಲ್ಲ. ಅದಕ್ಕೇ ಅನಿಲದ ನಂತರ ಕುತ್ತಿಗೆ ಮೂಳೆ ಬೇರ್ಪಡಿಸುವಂಥ ಎರಡನೇ ವಿಧಾನ ಕಡ್ಡಾಯ.

ಸಹಿಯಾದ ಮೇಲೆ

ಒಪ್ಪಿಗೆ ಕೊಟ್ಟೊಡನೆ ಸಮಿತಿಯ ಕೆಲಸ ಮುಗಿದಂತೆ ನಡೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಅತಿ ದೊಡ್ಡ ದೋಷ. ಅಮೆರಿಕದ ನಿಯಮದಂತೆ ಆರು ತಿಂಗಳಿಗೊಮ್ಮೆ ಪ್ರಾಣಿಗೃಹ ಮತ್ತು ಶಸ್ತ್ರಕ್ರಿಯೆಯ ಜಾಗಗಳ ತಪಾಸಣೆ ಆಗಬೇಕು. ಸಿಕ್ಕ ಕೊರತೆಯನ್ನು ಗಂಭೀರ, ಸಣ್ಣದು ಎಂದು ವಿಂಗಡಿಸಿ ಸರಿಪಡಿಸುವ ಗಡುವು ಹಾಕಬೇಕು. ಬೇರೆ ದೇಶಗಳಲ್ಲಿ ಅವಧಿ ಬೇರೆ ಇದ್ದರೂ ಆರು ತಿಂಗಳು ಒಳ್ಳೆಯ ಲೆಕ್ಕ.

ತಪಾಸಣೆಗೆ ಹೋದಾಗ ಹೊಳೆಯುವ ನೆಲ ನೋಡುತ್ತಾ ನಿಲ್ಲಬೇಡಿ, ಔಷಧಿಯ ಕಪಾಟು ತೆರೆಸಿ. ಅವಧಿ ಮೀರಿದ ಅರಿವಳಿಕೆ, ಹೆಸರಿಲ್ಲದ ಸೀಸೆ, ಹೊಲಿಗೆ ದಾರದ ಹಳೆಯ ಪೊಟ್ಟಣ ಹೆಚ್ಚಾಗಿ ಸಿಗುವುದು ಅಲ್ಲೇ. ಆಮೇಲೆ ಶಸ್ತ್ರಕ್ರಿಯೆಯ ದಾಖಲೆ. ನೋವುನಿವಾರಕದ ಅಂಕಣ ಎಲ್ಲ ದಿನವೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಭಾನುವಾರವೂ ಸರಿಯಾಗಿ ಒಂಬತ್ತು ಗಂಟೆಗೆ ತುಂಬಿದ್ದರೆ ಆ ಭಾನುವಾರದ ಬಾಗಿಲಿನ ಕಾರ್ಡ್ ದಾಖಲೆಯೊಡನೆ ತಾಳೆ ನೋಡಿ. ಅರಿವಳಿಕೆ ಯಂತ್ರದಲ್ಲಿ ಔಷಧಿಯನ್ನು ಆವಿ ಮಾಡಿ ಬಿಡುವ ವೇಪರೈಸರ್‌ಗೆ ಕೊನೆಯ ಪರೀಕ್ಷೆ ಯಾವಾಗ ಆಗಿತ್ತು ಎಂಬ ಚೀಟಿ ನೋಡಿ. ಪಂಜರದ ಕಾರ್ಡಿನಲ್ಲಿರುವ ಅರ್ಜಿ ಸಂಖ್ಯೆ ಈಗಲೂ ಜಾರಿಯಲ್ಲಿದೆಯೇ ನೋಡಿ.

ಕೋಣೆಯಲ್ಲಿ ಗಂಟೆಗೆ 10ರಿಂದ 15 ಸಲ ಗಾಳಿ ಬದಲಾಗಬೇಕು, ಉಷ್ಣತೆ 20ರಿಂದ 26 ಡಿಗ್ರಿ ಸೆಲ್ಸಿಯಸ್. ಈ ಉಷ್ಣತೆ ಅಂಗಿ ತೊಟ್ಟ ನಮಗೆ ಹಿತ, ಇಲಿಗೆ ಅಲ್ಲ. ಅದಕ್ಕೆ ಹಿತವಾದದ್ದು 26ಕ್ಕಿಂತ ಮೇಲೆ. ಹಾಗಾಗಿ ಗೂಡು ಕಟ್ಟಿಕೊಳ್ಳಲು ಹತ್ತಿಯ ತುಂಡೋ ಕಾಗದದ ಚೂರೋ ಪ್ರತಿ ಪಂಜರದಲ್ಲೂ ಇರಬೇಕು. ಅದು ಅಲಂಕಾರವಲ್ಲ, ಹೊದಿಕೆ. ಗೂಡು ಸಾಮಗ್ರಿ ಕೊಟ್ಟು ಒಂದು ದಿನವಾದರೂ ಹಾಗೇ ಚಪ್ಪಟೆಯಾಗಿ ಬಿದ್ದಿದ್ದರೆ ಆ ಇಲಿಗೆ ಹುಷಾರಿಲ್ಲ ಎಂದು ಅನುಮಾನಿಸಬಹುದು.

ತಿದ್ದುಪಡಿಗಳ ವಿಷಯ. ಪ್ರಾಣಿಯ ಜಾತಿ, ಸಂಖ್ಯೆ, ಶಸ್ತ್ರಕ್ರಿಯೆಯ ಬಗೆ, ಅರಿವಳಿಕೆ, ದಯಾಮರಣದ ವಿಧಾನ, ಪ್ರಧಾನ ಸಂಶೋಧಕರು: ಇವುಗಳಲ್ಲಿ ಏನೇ ಬದಲಾದರೂ ಮೊದಲು ಸಮಿತಿಗೆ ಬರಬೇಕು, ಆಮೇಲೆ ಕೆಲಸ. ತಿದ್ದುಪಡಿ ಪಡೆಯಲು ಎರಡು ತಿಂಗಳು ಕಾಯಿಸುವ ಸಮಿತಿ ನಿಯಮ ಮುರಿಯುವವರನ್ನು ತಾನೇ ತಯಾರು ಮಾಡುತ್ತದೆ. ಸಣ್ಣ ಬದಲಾವಣೆಗಳನ್ನು ಪಶುವೈದ್ಯರೊಬ್ಬರೇ ನೋಡಿ ಒಪ್ಪುವ ದಾರಿಯನ್ನು ಮೊದಲೇ ಬರೆದಿಟ್ಟರೆ ಈ ಸಮಸ್ಯೆಯ ಮುಕ್ಕಾಲು ಪಾಲು ಕರಗುತ್ತದೆ.

ಪ್ರಶ್ನೆಗಳು

*ಎರಡು ಸಮಿತಿಗಳಿಗೆ ಒಂದೇ ಅರ್ಜಿ ಕೊಟ್ಟರೆ ಒಂದೇ ತೀರ್ಮಾನ ಬರುತ್ತದೆಯೇ?*

ಬರುವುದಿಲ್ಲ. ಪ್ಲೌಸ್ ಮತ್ತು ಹರ್ಜಾಗ್ ಎಂಬ ಇಬ್ಬರು ಇದನ್ನೇ ಪರೀಕ್ಷಿಸಿದರು, 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ 50 ಸಮಿತಿಗಳಿಂದ 150 ಅರ್ಜಿ ಪಡೆದು, ಸಂಸ್ಥೆಯ ಗುರುತು ಅಳಿಸಿ ಬೇರೆ ಸಮಿತಿಗೆ ಕೊಟ್ಟಾಗ ಎರಡರ ತೀರ್ಮಾನಗಳ ಹೊಂದಾಣಿಕೆ ತೀರ ಕಡಿಮೆ ಇತ್ತು. ಇದರಿಂದ ಸಮಿತಿಗಳೇ ಬೇಡ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆದರೆ ತೀರ್ಮಾನದ ಕಾರಣವನ್ನು ನಡಾವಳಿಯಲ್ಲಿ ಬರೆಯದ ಸಮಿತಿ ಆರು ತಿಂಗಳ ನಂತರ ತನ್ನದೇ ತೀರ್ಮಾನದೊಡನೆಯೂ ಹೊಂದುವುದಿಲ್ಲ.

*ಪರ್ಯಾಯ ಹುಡುಕಿದ್ದೇವೆ ಎಂದು ಎಲ್ಲರೂ ಬರೆಯುತ್ತಾರೆ. ನಂಬುವುದು ಹೇಗೆ?*

ಯಾವ ದತ್ತಸಂಚಯಗಳಲ್ಲಿ, ಯಾವ ದಿನ, ಯಾವ ಪದಗಳಿಂದ, ಯಾವ ವರ್ಷಗಳ ವ್ಯಾಪ್ತಿಯಲ್ಲಿ ಹುಡುಕಿದರು ಎಂದು ಕೇಳಿ. ಹುಡುಕಿದ ಪದಗಳಲ್ಲಿ ರೋಗದ ಹೆಸರಷ್ಟೇ ಇದ್ದು ಪರ್ಯಾಯಕ್ಕೆ ಸಂಬಂಧಿಸಿದ ಒಂದೂ ಪದ ಇಲ್ಲದಿದ್ದರೆ ಅವರು ಹುಡುಕಿದ್ದು ಬೇರೇನನ್ನೋ. ಹಿಂದೆ ಇದಲ್ಲದೆ ಗತಿಯಿಲ್ಲ ಅನ್ನಿಸಿದ ಪರೀಕ್ಷೆಗಳೂ ಹೋಗಿವೆ. ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಡೋಸ್ ಹುಡುಕುವ ಹಳೆಯ ವಿಷಪರೀಕ್ಷೆಯ ಮಾರ್ಗಸೂಚಿಯನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2002ರಲ್ಲಿ ಕೈಬಿಟ್ಟಿತು. ಅದರ ಜಾಗದಲ್ಲಿರುವ ಒಂದು ವಿಧಾನಕ್ಕೆ ಹೆಚ್ಚೆಂದರೆ 15 ಪ್ರಾಣಿ ಸಾಕು.

*ಆರೈಕೆ ಸಿಬ್ಬಂದಿಯೊಬ್ಬರು ದೂರು ಕೊಟ್ಟರೆ ಮೊದಲು ಏನು ಮಾಡಬೇಕು?*

ಮೊದಲು ಪಶುವೈದ್ಯರನ್ನು ಅದೇ ದಿನ ಆ ಪಂಜರದ ಬಳಿಗೆ ಕಳುಹಿಸಿ. ವಿಚಾರಣೆ ಆಮೇಲೆ, ಪ್ರಾಣಿಗೆ ಚಿಕಿತ್ಸೆ ಮೊದಲು. ಫೋಟೊ, ಪಂಜರದ ಕಾರ್ಡು, ದಾಖಲೆ ಪುಸ್ತಕದ ಪ್ರತಿ ತೆಗೆದಿಡಿ, ಏಕೆಂದರೆ ಮರುದಿನಕ್ಕೆ ಪಂಜರ ಬದಲಾಗಿರುತ್ತದೆ. ದೂರು ಕೊಟ್ಟವರ ಹೆಸರು ಅಧ್ಯಕ್ಷರನ್ನು ದಾಟಿ ಹೋಗಬಾರದು. ಆ ಪ್ರಯೋಗಾಲಯದೊಡನೆ ಜಂಟಿ ಕೆಲಸ ಇಲ್ಲದ ಇಬ್ಬರು ಸದಸ್ಯರು ಸಂಶೋಧಕರ ಮಾತನ್ನೂ ಕೇಳಿ ವರದಿ ಕೊಡಲಿ. ಅರ್ಜಿಯಲ್ಲಿ ಇಲ್ಲದ್ದನ್ನು ಮಾಡಿದ್ದು ಖಚಿತವಾದರೆ ಪೂರ್ಣ ಸಭೆ ಕರೆದು ಮತಕ್ಕೆ ಹಾಕಿ ಆ ಪ್ರಯೋಗವನ್ನು ತಡೆಹಿಡಿಯಬಹುದು, ಮೇಲಿನ ಪ್ರಾಧಿಕಾರಕ್ಕೆ ತಿಳಿಸಬೇಕು. ತಡೆಹಿಡಿಯುವ ಆದೇಶದಲ್ಲಿ ಒಂದು ಸಾಲು ಮರೆಯಬೇಡಿ: ಈಗಾಗಲೇ ಶಸ್ತ್ರಕ್ರಿಯೆಯಾದ ಪ್ರಾಣಿಗಳಿಗೆ ಇವತ್ತು ರಾತ್ರಿಯಿಂದ ಔಷಧಿ ಕೊಡುವವರು ಯಾರು, ಅವರ ಹೆಸರು.